ಪಡುವಣ ಕಿಟಕಿಯ ಕೆಳಗಿನ ಕಾಫಿ ಮೂಲೆ: ಕಾರವಾರದ ಒಂದು ಅಡುಗೆಮನೆಯ ಪ್ರಕರಣ

2023ರ ಜುಲೈ ಮೊದಲ ವಾರ ಅಕ್ಕ ಮೊಬೈಲಿಗೆ ಎರಡು ಚಿತ್ರ ಕಳಿಸಿದಳು. ಒಂದರಲ್ಲಿ ಬ್ರೆಡ್ಡು: ನಡು ಕುಸಿದು ತಗ್ಗಾಗಿ, ಅಂಚು ಮಾತ್ರ ಎದ್ದು ನಿಂತಿತ್ತು. ಇನ್ನೊಂದರಲ್ಲಿ ಸಣ್ಣ ಗಾಜಿನ ಲೋಟದ ಎಸ್ಪ್ರೆಸೊ ಕಾಫಿ: ಮೇಲೆ ಕೆನೆಯೇ ಇಲ್ಲ, ಬಣ್ಣ ಎರಡನೆಯ ಸಲ ಇಳಿಸಿದ ಡಿಕಾಕ್ಷನ್ನಿನಂತೆ. ಕೆಳಗೆ ಒಂದೇ ಸಾಲು: “ಎಲ್ಲವನ್ನೂ ಮಾರಿಬಿಡುವುದೇ ವಾಸಿ ಅನ್ನಿಸುತ್ತಿದೆ, ಕೂಸೆ.”

ನಾನು ಶಿರಸಿಯಲ್ಲಿ ಹದಿನಾಲ್ಕು ವರ್ಷಗಳಿಂದ ಮನೆಯಲ್ಲೇ ಬ್ರೆಡ್ ಮಾಡುತ್ತಿದ್ದೇನೆ, ಆರು ವರ್ಷಗಳಿಂದ ಎಸ್ಪ್ರೆಸೊ ಯಂತ್ರ ಬಳಸುತ್ತಿದ್ದೇನೆ. ಅಕ್ಕನ ತಲೆಗೆ ಈ ಹುಚ್ಚು ಹತ್ತಿಸಿದವಳೂ ನಾನೇ. ಹಾಗಾಗಿ ಎರಡು ಜೊತೆ ಬಟ್ಟೆ, ಒಂದು ಚುಚ್ಚಿ ನೋಡುವ ಥರ್ಮಾಮೀಟರ್, ಗಾಳಿಯ ತೇವ ಅಳೆಯುವ ಸಣ್ಣ ಉಪಕರಣ ಚೀಲಕ್ಕೆ ಹಾಕಿಕೊಂಡು ಘಟ್ಟ ಇಳಿದೆ. ಅಲ್ಲಿ ಹನ್ನೊಂದು ದಿನ ಇದ್ದೆ. ಆ ಹನ್ನೊಂದು ದಿನಗಳಲ್ಲಿ ಕಂಡದ್ದನ್ನು, ಮಾಡಿದ್ದನ್ನು ಅಕ್ಕನ ನೋಟ್‌ಬುಕ್ಕಿನ ಅಂಕಿಗಳ ಸಮೇತ ಇಲ್ಲಿ ಬರೆಯುತ್ತಿದ್ದೇನೆ. ಕರಾವಳಿಯಲ್ಲಿ ಇಂಥದ್ದೊಂದು ಮೂಲೆ ಕಟ್ಟಿಕೊಳ್ಳಲು ಹೊರಟವರು ಯಂತ್ರವನ್ನು ಆರಿಸುವ ಮೊದಲು ಗೋಡೆಯನ್ನು ಆರಿಸಬೇಕು ಎಂದು ನನಗೆ ಈ ಮನೆಯಲ್ಲಿ ಮನವರಿಕೆಯಾಯಿತು.

ಮನೆ, ಮೂಲೆ, ದೂರು

ಅಕ್ಕನ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಕಾಳಿ ನದಿ ಸಮುದ್ರ ಸೇರುವ ಜಾಗ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಅಡುಗೆಮನೆಗೆ ಪಡುವಣ ದಿಕ್ಕಿಗೆ ದೊಡ್ಡ ಕಿಟಕಿ. ಅಕ್ಕ ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ, ಜನವರಿಯಲ್ಲಿ, ಬೆಂಗಳೂರಿನಲ್ಲಿರುವ ಮಗ ಯಂತ್ರ ಕೊಡಿಸಿದ. ಒಂದೇ ಬಾಯ್ಲರಿನ, 1450 ವ್ಯಾಟ್‌ನ ಮನೆಬಳಕೆಯ ಎಸ್ಪ್ರೆಸೊ ಯಂತ್ರ. ಪುಡಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ, 58 ಮಿಲಿಮೀಟರ್ ಅಗಲದ ಬಟ್ಟಲಿನ ಹಿಡಿಕೆ, ಎಂದರೆ ಪೋರ್ಟಾಫಿಲ್ಟರ್. ಬೀಜ ಅರೆಯಲು ಒಂದು ಬರ್ ಗ್ರೈಂಡರ್. ಬ್ರೆಡ್ಡಿಗೆಂದು 2000 ವ್ಯಾಟ್‌ನ ವಿದ್ಯುತ್ ಒಲೆ, ಒಟಿಜಿ. ಇವಿಷ್ಟನ್ನೂ ಕಿಟಕಿಯ ಕೆಳಗಿನ ಕಡಪ ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಕೆಳಗಿನ ಗೂಡಿನಲ್ಲಿ ಮೈದಾ ಡಬ್ಬ ಇಟ್ಟಿದ್ದರು. ಜನವರಿಯ ಬೆಳಗಿನಲ್ಲಿ ಆ ಕಿಟಕಿಯ ಬಳಿ ನಿಂತು ಕಾಫಿ ಕುಡಿಯುವುದು ಎಷ್ಟು ಚೆಂದ ಎಂದು ನಾನೇ ಹೊಗಳಿದ್ದೆ.

ಏಪ್ರಿಲ್‌ವರೆಗೆ ಎಲ್ಲವೂ ಸುಸೂತ್ರ. 18 ಗ್ರಾಂ ಪುಡಿ, 36 ಗ್ರಾಂ ಕಾಫಿ, ಅದು ಇಳಿಯಲು 28 ಸೆಕೆಂಡು. ಅಕ್ಕನ ನೋಟ್‌ಬುಕ್ಕಿನಲ್ಲಿ ಮಾರ್ಚ್ ತಿಂಗಳ ಪುಟ ಇದೇ ಅಂಕಿಗಳಿಂದ ತುಂಬಿದೆ. ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಆಮೇಲೆ ಅದೇ ಪುಟಗಳಲ್ಲಿ 19 ಸೆಕೆಂಡು, 16, 14. ಬ್ರೆಡ್ಡಿನ ಕಡೆ “ಉಬ್ಬಿ ಕುಸಿಯಿತು”, “ಯೀಸ್ಟ್ ಹೆಚ್ಚು ಹಾಕಿದೆ, ಆದರೂ ಕುಸಿಯಿತು”, “ಬೇಯಲಿಲ್ಲ, ಬಿಳಿಚಿಕೊಂಡಿದೆ”. ರಿಪೇರಿಗೆ ಬಂದವರೊಬ್ಬರು ಗ್ಯಾಸ್ಕೆಟ್ ಬದಲಿಸಿ, ಪಂಪ್ ಹೋಗಿದೆ, ಹೊಸದು ತರಿಸಬೇಕು ಎಂದು ಹೇಳಿ ಹೋಗಿದ್ದರು.

ಮೊದಲ ದಿನದ ಜುಮ್ಮು

ಮೊದಲ ದಿನ ಏನನ್ನೂ ಬದಲಿಸದೆ ಅಕ್ಕ ಮಾಡುವುದನ್ನು ನೋಡುತ್ತ ಕೂರುವುದೆಂದು ನಿಶ್ಚಯಿಸಿದ್ದೆ. ಐದು ನಿಮಿಷವೂ ಆಗಿರಲಿಲ್ಲ. ಒದ್ದೆ ಕೈಯಲ್ಲಿ ಯಂತ್ರದ ಉಕ್ಕಿನ ಮೈ ಮುಟ್ಟಿದ ಅಕ್ಕ ಕೈ ಹಿಂದಕ್ಕೆಳೆದುಕೊಂಡಳು. “ಮಳೆಗಾಲದಲ್ಲಿ ಸ್ವಲ್ಪ ಜುಮ್ಮೆನ್ನುತ್ತದೆ” ಎಂದು, ಅದೊಂದು ಸಾಮಾನ್ಯ ಸಂಗತಿಯೆಂಬಂತೆ ಹೇಳಿದಳು.

ನಾನು ಮೇನ್ ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಯಂತ್ರಕ್ಕೂ ಒಟಿಜಿಗೂ ಇರುವ ದೊಡ್ಡ ಮೂರು ಕಾಲಿನ ಪ್ಲಗ್ಗುಗಳನ್ನು ಕನ್ವರ್ಟರ್ ಮೂಲಕ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದರು. ಆ ಬೋರ್ಡಿನ ತಾಳಿಕೆ 6 ಆಂಪಿಯರ್. ಎರಡೂ ಒಟ್ಟಿಗೆ ಓಡಿದರೆ 3450 ವ್ಯಾಟ್, 230 ವೋಲ್ಟ್‌ನಲ್ಲಿ 15 ಆಂಪಿಯರ್. ಕನ್ವರ್ಟರಿನ ಹಿತ್ತಾಳೆ ತೂತುಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಒಂದು ಪ್ಲಗ್ಗಿನ ಬುಡದ ಬಿಳಿ ಪ್ಲಾಸ್ಟಿಕ್ ಕಂದಿ, ಸುಟ್ಟ ಸಕ್ಕರೆಯ ಬಣ್ಣಕ್ಕೆ ತಿರುಗಿ, ಬೆರಳಿಟ್ಟರೆ ಅಂಟುತ್ತಿತ್ತು. ಕನ್ವರ್ಟರ್ ಬಿಚ್ಚಿದಾಗ ಅದರೊಳಗಿನ ಅರ್ಥ್ ಪಟ್ಟಿ ಕಳಚಿ ಬಿದ್ದಿರುವುದು ಕಂಡಿತು. ಉಪ್ಪುಗಾಳಿ ತಾಗುವ ಕಿಟಕಿಯ ಕೆಳಗೆ ಆರು ತಿಂಗಳು ಇದ್ದ ವಸ್ತು ಅದು.

ಯಂತ್ರದ ಒಳಗೆ ನೀರು, ಬಿಸಿ ಮಾಡುವ ಕಾಯಿಲ್, ಹೊರಗೆ ಉಕ್ಕಿನ ಕವಚ. ತೇವದಿಂದ ಸ್ವಲ್ಪ ವಿದ್ಯುತ್ ಸೋರಿದರೂ ಅದನ್ನು ನೆಲಕ್ಕೆ ಒಯ್ಯುವುದು ಅರ್ಥ್ ತಂತಿ. ಅದೇ ಇಲ್ಲದಿದ್ದರೆ ಆ ಕೆಲಸಕ್ಕೆ ಸಿಗುವುದು ನಮ್ಮ ದೇಹ. ಜುಮ್ಮೆನ್ನುವ ಯಂತ್ರವನ್ನು ಒಂದು ದಿನವೂ ಬಳಸಬಾರದು. ಅಕ್ಕನ ಮನೆಯಲ್ಲಿ ಆಗದ್ದು ಆಗಿಹೋಗಬಹುದಿತ್ತು ಎಂಬುದನ್ನು ನೆನೆದರೆ ಈಗಲೂ ನನ್ನ ಮೈ ನಡುಗುತ್ತದೆ.

ಎರಡು ದಿನ ಯಂತ್ರ ಮುಟ್ಟಲಿಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ವಿತರಣಾ ಪೆಟ್ಟಿಗೆಯಿಂದ ನೇರವಾಗಿ ಎರಡು ಪ್ರತ್ಯೇಕ ತಂತಿ ಎಳೆದು, ಯಂತ್ರಕ್ಕೊಂದು, ಒಟಿಜಿಗೊಂದು 16 ಆಂಪಿಯರ್ ಸಾಕೆಟ್ ಕೂರಿಸಿದರು. ಹೊರೆ ಹೆಚ್ಚಾದರೆ ತಾನೇ ಆರಿಹೋಗುವ ಸ್ವಿಚ್ಚು, ಎಂಸಿಬಿ, ಎರಡಕ್ಕೂ ಬೇರೆ ಬೇರೆ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಕತ್ತರಿಸುವ ಆರ್‌ಸಿಸಿಬಿ. ಅಂಗಳದ ಅರ್ಥಿಂಗ್ ಗುಂಡಿಯನ್ನೂ ಪರೀಕ್ಷಿಸಿದರು. ಯಂತ್ರದ ಒಳಗಿನ ಸೋರಿಕೆ ಎಲ್ಲಿಂದ ಎಂದು ತೆರೆದು ನೋಡಿದಾಗ, ಕಾಯಿಲಿನ ತುದಿಯಲ್ಲಿ ಹಬೆ ತಾಗಿ ತೇವ ಕೂತಿತ್ತು. ಒಣಗಿಸಿ, ಅಳೆದು, ಸರಿಯಿದೆ ಎಂದ ಮೇಲೆಯೇ ಮುಚ್ಚಿದರು.

ಗೋಡೆ ಬದಲಾಯಿಸಿದೆವು

ಆ ಎರಡು ದಿನ ನಾನು ತೇವಮಾಪಕವನ್ನು ಮನೆಯ ತುಂಬ ತಿರುಗಿಸಿದೆ. ಪಡುವಣ ಕಿಟಕಿಯ ಕೆಳಗೆ ಶೇಕಡ 91. ಕಿಟಕಿ ಮುಚ್ಚಿದರೂ ಸಂದಿನಲ್ಲಿ ಇರಚಲು ಬಡಿಯುತ್ತಿತ್ತು. ಪಕ್ಕದಲ್ಲೇ ಸಿಂಕು, ಅದರ ಪಕ್ಕ ಅನ್ನ ಬಸಿಯುವ ಜಾಗ. ದೇವರ ಕೋಣೆಗೆ ಒತ್ತಿಕೊಂಡಿರುವ ಮೂಡಣ ಒಳಗೋಡೆಯ ಬಳಿ ಶೇಕಡ 76. ಅದೇ ಮನೆ, ಹನ್ನೆರಡು ಹೆಜ್ಜೆ ಅಂತರ. ಕಾರವಾರದಲ್ಲಿ ವರ್ಷಕ್ಕೆ ಸರಾಸರಿ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ಹಿರಿಯರು ಉಪ್ಪು, ಬೆಲ್ಲ, ಹಪ್ಪಳ, ಒಣಮೆಣಸನ್ನು ಒಲೆಯ ಮೇಲಿನ ಅಟ್ಟಕ್ಕೋ ಒಳಮನೆಗೋ ಸೇರಿಸುತ್ತಿದ್ದುದು ಸುಮ್ಮನೆ ಅಲ್ಲ. ಹುರಿದ ಕಾಫಿ ಬೀಜವೂ ಮೈದಾವೂ ಹಪ್ಪಳದಷ್ಟೇ ತೇವ ಕುಡಿಯುವ ವಸ್ತುಗಳು. ಅವನ್ನು ಮಾತ್ರ ಕಡಲಿಗೆ ಮುಖ ಮಾಡಿ ಇಟ್ಟಿದ್ದೆವು.

ಹಳೆಯ ಬೀಟೆ ಮರದ ಮೇಜೊಂದನ್ನು ಒಳಗೋಡೆಗೆ ಒತ್ತರಿಸಿ, ಯಂತ್ರವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಿಟ್ಟೆವು. ಒಟಿಜಿಯನ್ನು ಅದರಿಂದ ಎರಡು ಮೊಳ ದೂರ, ಬೇರೆ ಹಲಗೆಯ ಮೇಲೆ. ಹೊಸ ಸಾಕೆಟ್ಟುಗಳನ್ನು ಹಾಕಿಸಿದ್ದೂ ಇದೇ ಗೋಡೆಗೆ. ಕಿಟಕಿಯ ನೋಟ ತಪ್ಪಿಹೋಯಿತೆಂದು ಅಕ್ಕನಿಗೆ ಬೇಸರವಾಯಿತು. ನನಗೂ.

ಬೀಜ

ಎಸ್ಪ್ರೆಸೊದಲ್ಲಿ ಸುಮಾರು 93 ಡಿಗ್ರಿ ಸೆಲ್ಸಿಯಸ್‌ನ ನೀರನ್ನು ಒಂಬತ್ತು ಬಾರ್ ಒತ್ತಡದಲ್ಲಿ, ಎಂದರೆ ವಾಯುಮಂಡಲದ ಒತ್ತಡದ ಒಂಬತ್ತು ಪಟ್ಟಿನಲ್ಲಿ, ಒತ್ತಿ ಕೂರಿಸಿದ ನುಣುಪು ಪುಡಿಯ ಬಿಲ್ಲೆಯ ಮೂಲಕ ನುಗ್ಗಿಸುತ್ತೇವೆ. ಫಿಲ್ಟರ್ ಕಾಫಿಯಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಲ್ಲಿ ಆ ಬಿಲ್ಲೆ ಎದುರು ನಿಲ್ಲಬೇಕು. ಎದುರು ನಿಲ್ಲುವ ಶಕ್ತಿ ಪುಡಿಯ ನುಣುಪಿನಿಂದ ಬರುತ್ತದೆ, ಜೊತೆಗೆ ಬೀಜದ ತಾಜಾತನದಿಂದಲೂ ಬರುತ್ತದೆ. ಹುರಿದಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಬಿಸಿ ನೀರು ತಾಗಿದಾಗ ಆ ಅನಿಲ ಹೊರಬರುತ್ತ ನೀರಿನ ಓಟಕ್ಕೆ ಅಡ್ಡ ಬರುತ್ತದೆ. ಮೇಲೆ ನಿಲ್ಲುವ ಹೊನ್ನಿನ ಬಣ್ಣದ ಕ್ರೆಮಾ ಕೂಡ ಅದರದೇ ಕೊಡುಗೆ. ಬೀಜ ಹಳತಾದಂತೆ ಅನಿಲ ಹೊರಟುಹೋಗುತ್ತದೆ. ಕಾಫಿ ಸರ್ರನೆ ಇಳಿಯುತ್ತದೆ, ಕೆನೆ ತೆಳುವಾಗುತ್ತದೆ.

ಅಕ್ಕ ಮೇ ತಿಂಗಳಲ್ಲಿ ಒಂದು ಕಿಲೋ ಬೀಜ ತರಿಸಿದ್ದಳು. ಅರ್ಧ ಗ್ರೈಂಡರಿನ ಮೇಲೆ ಬೀಜ ತುಂಬುವ ಬಟ್ಟಲಿನಲ್ಲಿ (ಹಾಪರ್), ಅರ್ಧ ಫ್ರಿಜ್ಜಿನಲ್ಲಿ. ಗ್ರೈಂಡರ್ ಇದ್ದದ್ದು ಯಂತ್ರದ ಬಿಸಿ ಮೈಗೆ ತಾಗಿಕೊಂಡು. ಫ್ರಿಜ್ಜಿನ ಪೊಟ್ಟಣವನ್ನು ದಿನವೂ ಹೊರತೆಗೆದು ತೆರೆಯುತ್ತಿದ್ದಳು. ತಣ್ಣನೆಯ ಬೀಜಕ್ಕೆ ಆಷಾಢದ ಗಾಳಿ ತಾಗಿದರೆ ತಂಬಿಗೆಯ ಮೈಮೇಲೆ ಬೆವರು ಕೂತಂತೆ ಕೂರುತ್ತದೆ. ಏಳು ವಾರ ಹೀಗೇ ನಡೆದಿತ್ತು. ಬೀಜ ಮೂಸಿದೆ: ಹಳೆಯ ಶೇಂಗಾ ಎಣ್ಣೆಯ ಕನರು ವಾಸನೆ.

ಗ್ರೈಂಡರ್ ಬಿಚ್ಚಿದೆವು. ಪುಡಿ ಜಾರಿ ಬೀಳುವ ನಳಿಕೆಯ ಒಳಮೈಗೆ ಹಳೆಯ ಪುಡಿ ಹೆಪ್ಪುಗಟ್ಟಿ, ಬಾವಿಕಟ್ಟೆಯ ಪಾಚಿಯಂತೆ ಹತ್ತಿಕೊಂಡಿತ್ತು. ಬ್ರಷ್ಷಿನಿಂದ ಕೆರೆದು ತೂಗಿದರೆ 3 ಗ್ರಾಂ. ಬೆಳಿಗ್ಗೆ ಹಾಕುವ 18 ಗ್ರಾಮಿನಲ್ಲಿ ನಿನ್ನೆಯ, ಮೊನ್ನೆಯ ಒದ್ದೆ ಪುಡಿ ಸೇರಿಕೊಳ್ಳುತ್ತಿತ್ತು.

ಭಾವ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. “ಮಳೆಗಾಳಿಗೆ ಇಟ್ಟ ಕಾಫಿಗೇ ವಿದೇಶದಲ್ಲಿ ಬೆಲೆ ಅನ್ನುತ್ತಾರಲ್ಲ, ನಮ್ಮದು ಯಾಕೆ ಕೆಟ್ಟಿತು?” ಎಂದು ಕೇಳಿದರು. ಅದು ಒಳ್ಳೆಯ ಪ್ರಶ್ನೆ. ಅವರು ಹೇಳಿದ್ದು ಮಾನ್ಸೂನ್ಡ್ ಮಲಬಾರ್ ಕಾಫಿಯ ಬಗ್ಗೆ. ಮಂಗಳೂರು ಕಡೆಯ ಗೋದಾಮುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜವನ್ನು ಹರವಿ, ಆಗಾಗ ಕೆದಕಿ, ಮಳೆಗಾಳಿ ಆಡಲು ಬಿಡುತ್ತಾರೆ. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಕಡಲ ತೇವ ಕುಡಿದು ಯುರೋಪ್ ಮುಟ್ಟುತ್ತಿದ್ದ ಕಾಫಿಯ ರುಚಿಯನ್ನು ಮರಳಿ ತರುವ ಉಪಾಯವಿದು. ಬೀಜ ಉಬ್ಬುತ್ತದೆ, ಹಸಿರು ಹೋಗಿ ಹುಲ್ಲಿನ ಹಳದಿಗೆ ತಿರುಗುತ್ತದೆ, ಹುಳಿ ತಗ್ಗುತ್ತದೆ. ಆದರೆ ಅದು ಹುರಿಯದ ಹಸಿ ಬೀಜ. ಹುರಿದ ಬೀಜ ಒಳಗೆಲ್ಲ ತೂತು ತೂತಾದ ವಸ್ತು. ಅದಕ್ಕೆ ತೇವವೂ ಗಾಳಿಯೂ ವಿಷವೇ. ಭಾವ ತಲೆದೂಗಿದರು. ಆಮೇಲೆ ತಮ್ಮದೊಂದು ತಪ್ಪನ್ನೂ ಒಪ್ಪಿಕೊಂಡರು: ಜೂನ್ ಕೊನೆಯಲ್ಲಿ ಅಕ್ಕ ಇಲ್ಲದಾಗ ತಮ್ಮ ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನೇ ಯಂತ್ರಕ್ಕೆ ಹಾಕಿದ್ದರು. ಒಂದು ಹನಿಯೂ ಇಳಿಯದೆ ಯಂತ್ರ ಗುರುಗುಟ್ಟಿ, ಅಂಚಿನಿಂದ ಕಪ್ಪು ನೀರು ಚಿಮ್ಮಿತ್ತಂತೆ. ಚಿಕೋರಿ ಬೇರಿನ ಪುಡಿ ನೀರು ತಾಗಿದೊಡನೆ ಕರಗಿ ಅಂಟಾಗುತ್ತದೆ. ಫಿಲ್ಟರಿನಲ್ಲಿ ಅದು ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ಒತ್ತಡದ ಯಂತ್ರದಲ್ಲಿ ಜಾಲರಿಯನ್ನೇ ಕಟ್ಟುತ್ತದೆ. ಯಂತ್ರದಿಂದ ನೀರು ಇಳಿಯುವ ಬಾಯಿಯ (ಗ್ರೂಪ್ ಹೆಡ್) ಜಾಲರಿ ಬಿಚ್ಚಿ ನೋಡಿದರೆ ಅರ್ಧ ಕಣ್ಣುಗಳು ಮುಚ್ಚಿಹೋಗಿದ್ದವು. ಸ್ವಚ್ಛಗೊಳಿಸುವ ಪುಡಿ ಹಾಕಿದ ಬಿಸಿ ನೀರಿನಲ್ಲಿ ನೆನೆಸಿ ಉಜ್ಜಿದ ಮೇಲೆ ಜಾಲರಿಯನ್ನು ಬೆಳಕಿಗೆ ಹಿಡಿದಾಗ ಎಲ್ಲ ಕಣ್ಣುಗಳಲ್ಲೂ ಬೆಳಕು ಬಂತು.

ಹೊಸ ಬೀಜ ಬಂದದ್ದು ಐದನೆಯ ದಿನ: ಚಿಕ್ಕಮಗಳೂರಿನ ಅರೇಬಿಕಾ, 250 ಗ್ರಾಂ, ಹುರಿದು ಒಂಬತ್ತು ದಿನವಾದದ್ದು. ಅಕ್ಕ ನೀರಿನ ಓಟ ತಡೆಯಲು ಗ್ರೈಂಡರನ್ನು ಬಿಗಿ ಮಾಡುತ್ತ ಕೊನೆಯ ಗೆರೆಗೆ ತಂದಿದ್ದಳು. ಅದೇ ಗೆರೆಯಲ್ಲಿ ಹೊಸ ಬೀಜ ಅರೆದರೆ 40 ಸೆಕೆಂಡಿನಲ್ಲಿ ಐದಾರು ಹನಿ ಮಾತ್ರ. ಪಂಪ್ ಹೋಗಿದೆ ಎಂದವರ ಮಾತು ಅಲ್ಲಿಗೆ ಮುಗಿಯಿತು. ಸೋತ ಪಂಪಿಗೂ ಸೋತ ಬೀಜಕ್ಕೂ ವ್ಯತ್ಯಾಸ ತಿಳಿಯಲು ಒಂದು ಪೊಟ್ಟಣ ತಾಜಾ ಬೀಜ ಸಾಕು. ನಾಲ್ಕು ಗೆರೆ ಸಡಿಲಿಸಿದೆವು. ಮೊದಲ ಏಳು ಸೆಕೆಂಡು ಏನೂ ಇಲ್ಲ. ಆಮೇಲೆ ಬಟ್ಟಲಿನ ತಳದಲ್ಲಿ ಕಡುಗಂದು ಹನಿಗಳು ಮೂಡಿ, ಒಂದಕ್ಕೊಂದು ಕೂಡಿ, ಜೇನು ಇಳಿದಂತೆ ಸಣ್ಣ ಎಳೆಯಾಗಿ ಇಳಿಯಿತು. 18 ಗ್ರಾಂ, 36 ಗ್ರಾಂ, 29 ಸೆಕೆಂಡು. ಅಕ್ಕ ಲೋಟ ಎತ್ತದೆ ಅದನ್ನೇ ನೋಡುತ್ತ ನಿಂತಳು.

ಉಳಿದ ಬೀಜವನ್ನು 18 ಗ್ರಾಂನಂತೆ ತೂಗಿ ಸಣ್ಣ ಹೊಸ ಗಾಜಿನ ಬಾಟಲಿಗಳಲ್ಲಿ ಭದ್ರವಾಗಿ ಮುಚ್ಚಿ ಫ್ರೀಜರಿಗೆ ಸೇರಿಸಿದೆವು. ಹನ್ನೊಂದು ಬಾಟಲಿಯಾದವು. ಫ್ರಿಜ್ಜಿಗೂ ಫ್ರೀಜರಿಗೂ ಇಲ್ಲಿರುವ ಭೇದ ದೊಡ್ಡದು: ಒಂದು ಬಾಟಲಿ ಹೊರಬಂದರೆ ಮರಳಿ ಒಳಗೆ ಹೋಗುವುದಿಲ್ಲ, ತೆಗೆದೊಡನೆ ಅರೆದುಬಿಡುತ್ತೇವೆ, ಬೆವರು ಕೂರಲು ಸಮಯವೇ ಇರುವುದಿಲ್ಲ. ಹಾಪರ್ ಈಗ ಸದಾ ಖಾಲಿ.

ನಮ್ಮ ಶಿರಸಿ ಕಡೆಯ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯುವ ರೊಬಸ್ಟಾವನ್ನು ನಾನು ಈ ಬೀಜಕ್ಕೆ ಮೂರರಲ್ಲಿ ಒಂದು ಪಾಲು ಬೆರೆಸಿ ಕುಡಿಯುತ್ತೇನೆ. ಕೆಫೀನ್ ಅರೇಬಿಕಾದ ಹತ್ತಿರಹತ್ತಿರ ಎರಡರಷ್ಟು, ಕ್ರೆಮಾ ದಪ್ಪ, ಹಾಲಿಗೆ ಹಾಕಿದರೆ ಸೋಲುವುದಿಲ್ಲ. ರೊಬಸ್ಟಾ ಎಂದರೆ ಮೂಗು ಮುರಿಯುವವರ ಜೊತೆ ನನಗೆ ಜಗಳವಿದೆ. ಚೆನ್ನಾಗಿ ಹಣ್ಣಾದದ್ದನ್ನೇ ಕೊಯ್ದು ನೆಲಕ್ಕೆ ತಾಗಿಸದೆ ಒಣಗಿಸಿದ ರೊಬಸ್ಟಾ ಕುಡಿದು ನೋಡದೆ ಆಡುವ ಮಾತು ಅದು.

ಹಿಟ್ಟು

ಬ್ರೆಡ್ಡಿನ ಕಥೆ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅಲ್ಲಿ ತಪ್ಪಿನ ಬೇರು ಇದ್ದದ್ದು ನಮ್ಮ ತಾಯಿಯ ಪಾಠದಲ್ಲಿ. ಮಳೆಗಾಲದ ಥಂಡಿಗೆ ದೋಸೆ ಹಿಟ್ಟು ಹುಳಿ ಬರುವುದಿಲ್ಲ, ಒಲೆಯ ಬದಿಗೆ ಇಡಬೇಕು ಎಂದು ನಾವು ಘಟ್ಟದ ಮೇಲೆ ಕಲಿತವರು. ಅಕ್ಕ ಅದನ್ನೇ ಪಾಲಿಸಿ, ನಾದಿದ ಹಿಟ್ಟಿನ ಪಾತ್ರೆಯನ್ನು ಕಾಫಿ ಯಂತ್ರದ ಮೇಲಿನ ಬೆಚ್ಚಗಿನ ತಟ್ಟೆಯಲ್ಲಿ ಇಡುತ್ತಿದ್ದಳು. ಕಪ್ ಬೆಚ್ಚಗಿಡುವ ಜಾಗ ಅದು. ನಾನು ಥರ್ಮಾಮೀಟರ್ ಚುಚ್ಚಿ ನೋಡಿದಾಗ ಹಿಟ್ಟಿನೊಳಗೆ 34 ಡಿಗ್ರಿ. ಬೇಕಾದದ್ದು 26.

ಎಂಟು ಡಿಗ್ರಿಯ ಈ ವ್ಯತ್ಯಾಸ ಸಣ್ಣದಲ್ಲ. ಎಂಟು ಹತ್ತು ಡಿಗ್ರಿ ಏರಿದರೆ ಯೀಸ್ಟಿನ ಓಟ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ಜನವರಿಯಲ್ಲಿ ಒಂದೂವರೆ ಗಂಟೆ ಹಿಡಿದ ಉಬ್ಬು ಈಗ ಮುಕ್ಕಾಲು ಗಂಟೆಗೇ ಮುಗಿದು, ಗಡಿಯಾರ ನೋಡಿ ಕಾದ ಉಳಿದ ಹೊತ್ತಿನಲ್ಲಿ ಹಿಟ್ಟನ್ನು ಹಿಡಿದಿಡುವ ಪ್ರೊಟೀನಿನ ಜಾಲ ಸಡಿಲಗೊಂಡು ಕುಸಿಯುತ್ತಿತ್ತು. ಕುಸಿದದ್ದು ನೋಡಿ ಅಕ್ಕ “ಯೀಸ್ಟಿಗೆ ಶಕ್ತಿ ಸಾಲಲಿಲ್ಲ” ಎಂದುಕೊಂಡು ಮರುದಿನ ಇನ್ನಷ್ಟು ಹಾಕಿದಳು. 500 ಗ್ರಾಂ ಮೈದಾಕ್ಕೆ 7 ಗ್ರಾಂ ಇದ್ದದ್ದು 10 ಗ್ರಾಂ ಆಯಿತು. ಉಪ್ಪು ಮಾತ್ರ ಒಂದು ಚಮಚ, 5 ಗ್ರಾಂ. ಉಪ್ಪು ಯೀಸ್ಟಿಗೆ ಕಡಿವಾಣ, ಹಿಟ್ಟಿನ ಜಾಲಕ್ಕೆ ಬಿಗಿ. ಅದು ಹಿಟ್ಟಿನ ನೂರಕ್ಕೆ ಎರಡು ಇರಬೇಕು, ಅಕ್ಕನದು ಅರ್ಧ.

ಇನ್ನು ಮೈದಾ. ಹಿಟ್ಟು ಕೈಗೆ ಅಂಟುತ್ತದೆ ಎಂಬ ದೂರು ಜೂನ್‌ನಿಂದಲೇ ಇತ್ತು. ಗೂಡಿನ ಡಬ್ಬದ ಮೈದಾವನ್ನೂ ಹೊಸ ಪೊಟ್ಟಣದ ಮೈದಾವನ್ನೂ ನೂರು ನೂರು ಗ್ರಾಂ ತಟ್ಟೆಯಲ್ಲಿ ತೆಳುವಾಗಿ ಹರವಿ, ಒಟಿಜಿಯಲ್ಲಿ 130 ಡಿಗ್ರಿಗೆ ಒಂದು ಗಂಟೆ ಇಟ್ಟು ಮತ್ತೆ ತೂಗಿದೆವು. ಹೊಸತು 87 ಗ್ರಾಂ ಉಳಿಯಿತು, ಡಬ್ಬದ್ದು 84.5. ಎಂದರೆ ಅರ್ಧ ಕಿಲೋ ಮೈದಾದಲ್ಲಿ ಹನ್ನೆರಡು ಗ್ರಾಮಿಗೂ ಹೆಚ್ಚು ನೀರು ಮೊದಲೇ ಸೇರಿಕೊಂಡಿತ್ತು. ಅದರ ಮೇಲೆ ಬೇಸಿಗೆಯ ಅಳತೆಯ 325 ಗ್ರಾಂ ನೀರು. ನಮ್ಮ ಮೈದಾದಲ್ಲಿ ಪ್ರೊಟೀನು ಬ್ರೆಡ್ಡಿಗೆಂದೇ ಮಾರುವ ಹಿಟ್ಟಿಗಿಂತ ಕಡಿಮೆ, ಅಷ್ಟು ನೀರನ್ನು ಅದು ಹೊರಲಾರದು.

ಆರನೆಯ ದಿನದ ಅಳತೆ ಹೀಗಿತ್ತು: ಮೈದಾ 500, ನೀರು 305, ಉಪ್ಪು 10, ಯೀಸ್ಟ್ 2.5, ಎಣ್ಣೆ 15, ವಿನೆಗರ್ 5 ಗ್ರಾಂ. ನೀರು ಎಷ್ಟು ತಣ್ಣಗಿರಬೇಕು ಎಂಬುದಕ್ಕೆ ಬೇಕರಿಯವರ ಹಳೆಯ ಲೆಕ್ಕವೊಂದಿದೆ. ಹಿಟ್ಟಿಗೆ ಬೇಕಾದ ಉಷ್ಣವನ್ನು ಮೂರರಿಂದ ಗುಣಿಸಿ, ಅದರಿಂದ ಕೋಣೆಯ ಉಷ್ಣ, ಮೈದಾದ ಉಷ್ಣ, ನಾದುವಾಗ ಹುಟ್ಟುವ ಬಿಸಿ ಕಳೆಯಬೇಕು. 26 ಮೂರಲ 78. ಕೋಣೆ 28, ಮೈದಾ 28, ಕೈಯಲ್ಲಿ ನಾದುವುದಕ್ಕೆ 2. ಉಳಿದದ್ದು 20. ನಲ್ಲಿಯ ನೀರು 27 ಇತ್ತು. ಎರಡು ಮಂಜುಗಡ್ಡೆ ಹಾಕಿ ಇಳಿಸಿದೆವು.

ನಾದಿದ್ದು ಹನ್ನೆರಡು ನಿಮಿಷ. ಆಮೇಲೆ ಒಂದು ಗೋಲಿಯಷ್ಟು ಹಿಟ್ಟನ್ನು ಅಕ್ಕ ನಾಲ್ಕು ಬೆರಳಿನಿಂದ ಮೆಲ್ಲನೆ ಹಿಗ್ಗಿಸಿದಳು. ಹರಿಯದೆ ತೆಳುವಾಗುತ್ತ ತೆಳುವಾಗುತ್ತ ಎಣ್ಣೆ ಸವರಿದ ಕಾಗದದಂತಾಯಿತು. ಕಿಟಕಿಗೆ ಹಿಡಿದಾಗ ಅದರ ಹಿಂದೆ ಗಾಳಿಗೆ ತೂಗುತ್ತಿದ್ದ ತೆಂಗಿನ ಗರಿಯ ನೆರಳು ಕಂಡಿತು. ಹಿಟ್ಟಿನ ಸಣ್ಣ ತುಂಡೊಂದನ್ನು ನೇರ ಬದಿಯ ಗಾಜಿನ ಲೋಟದ ತಳಕ್ಕೆ ಒತ್ತಿ, ಅದರ ಮಟ್ಟಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿಟ್ಟೆವು. ದೊಡ್ಡ ಪಾತ್ರೆಯಲ್ಲಿ ಎಷ್ಟು ಉಬ್ಬಿತು ಎಂದು ಅಂದಾಜಿಸುವುದು ಕಷ್ಟ, ಲೋಟದಲ್ಲಿ ಇಮ್ಮಡಿಯಾದದ್ದು ಕಣ್ಣಿಗೆ ಕಾಣುತ್ತದೆ. ಅದಕ್ಕೆ ಹಿಡಿದದ್ದು ಎರಡು ಗಂಟೆ ಹತ್ತು ನಿಮಿಷ. ಅಚ್ಚಿಗೆ ಹಾಕಿದ ಮೇಲೆ ಮತ್ತೆ ಐವತ್ತೈದು ನಿಮಿಷ.

ಬ್ರೆಡ್ ಬಿಳಿಚುತ್ತಿದ್ದುದರ ಕಾರಣ ವಿದ್ಯುತ್ತಿನಲ್ಲಿತ್ತು. ಮಳೆಗಾಲದ ಸಂಜೆ ವೋಲ್ಟೇಜು 190ಕ್ಕೆ ಇಳಿಯುತ್ತಿತ್ತು. ಕಾಯಿಲಿನ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ತಗ್ಗುವುದರಿಂದ 2000 ವ್ಯಾಟ್ ಒಲೆ 1400 ವ್ಯಾಟಿಗೂ ಕೆಳಗೆ ಬರುತ್ತದೆ. ಗುಂಡಿ 220 ತೋರಿಸುತ್ತಿದ್ದಾಗ ಒಳಗಿಟ್ಟ ಥರ್ಮಾಮೀಟರ್ 185 ಹೇಳಿತು. ಬ್ರೆಡ್ ಬೇಯಿಸುವುದನ್ನು ಬೆಳಿಗ್ಗೆಗೆ ಬದಲಿಸಿ, ಒಲೆಯನ್ನು ಅರ್ಧ ಗಂಟೆ ಮೊದಲೇ ಹಚ್ಚಿ, ಒಳಗೆ 210 ಆದ ಮೇಲೆ ಅಚ್ಚು ಇಟ್ಟೆವು. ಮೂವತ್ತೈದು ನಿಮಿಷಕ್ಕೆ ನಡುವಿನ ಉಷ್ಣ 95. ಹೊರತೆಗೆದು ತಟ್ಟಿದರೆ ತಳ ಡೊಳ್ಳಿನಂತೆ ಸದ್ದು ಮಾಡಿತು.

ನೂಲೆಳೆಯುವ ಬ್ರೆಡ್

ವಿನೆಗರ್ ಯಾಕೆ ಎಂದು ಹೇಳಲೇಬೇಕು. ನಾನು ಬಂದ ದಿನ ಡಬ್ಬದಲ್ಲಿ ಎರಡು ದಿನದ ಹಿಂದಿನ ಅರ್ಧ ಬ್ರೆಡ್ ಇತ್ತು. ಮುಚ್ಚಳ ತೆಗೆದರೆ ಅತಿಯಾಗಿ ಹಣ್ಣಾದ ಅನಾನಸಿನ ವಾಸನೆ. ಮುರಿದಾಗ ನಡುವಿನ ತಿರುಳು ಹಲಸಿನ ಮೇಣದಂತೆ ಸಣ್ಣ ಸಣ್ಣ ನೂಲಾಗಿ ಎಳೆಯಿತು. ಬೇಯದ ಹಿಟ್ಟು ಎಂದು ಅಕ್ಕ ತಿಳಿದಿದ್ದಳು. ಅದು ಬೇಯದ್ದಲ್ಲ, ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಕೆಲಸ. ಅದರ ಬೀಜಕಗಳು ಹಿಟ್ಟಿನಲ್ಲೇ ಇರುತ್ತವೆ. ಬ್ರೆಡ್ಡಿನ ನಡು ನೂರು ಡಿಗ್ರಿ ದಾಟುವುದಿಲ್ಲವಾದ್ದರಿಂದ ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ತೇವದಲ್ಲಿ ಎರಡೇ ದಿನಕ್ಕೆ ಎದ್ದುಬಿಡುತ್ತವೆ. ಇಂಥ ಬ್ರೆಡ್ಡನ್ನು ತಿನ್ನಬಾರದು, ಆರಿಸಿ ಉಳಿಸಿಕೊಳ್ಳಲೂ ಬಾರದು. ಇಡೀ ಡಬ್ಬ ಖಾಲಿ ಮಾಡಿ, ಅಚ್ಚು, ಹಲಗೆ, ಚಾಕು, ಗೂಡು ಎಲ್ಲವನ್ನೂ ತೊಳೆದು ವಿನೆಗರಿನಲ್ಲಿ ಒರೆಸಿದೆವು. ಹುಳಿ ಇರುವ ಕಡೆ ಈ ಬ್ಯಾಕ್ಟೀರಿಯಾ ಏಳುವುದು ಕಷ್ಟ. ಹಿಟ್ಟಿಗೆ ನೂರಕ್ಕೆ ಒಂದರಷ್ಟು ವಿನೆಗರ್ ಹಾಕಿದರೆ ರುಚಿಯಲ್ಲಿ ತಿಳಿಯುವುದೂ ಇಲ್ಲ. ಬ್ರೆಡ್ ಪೂರ್ತಿ ಆರಿದ ಮೇಲೆ ಹೋಳು ಮಾಡಿ ಆ ದಿನದ್ದನ್ನು ಹೊರಗಿಟ್ಟು ಉಳಿದದ್ದನ್ನು ಫ್ರೀಜರಿಗೆ ಹಾಕುತ್ತೇವೆ. ಫ್ರಿಜ್ಜಿನ ತಂಪಿನಲ್ಲಿ ಬ್ರೆಡ್ ಬೇಗ ಗಡುಸಾಗುತ್ತದೆ, ಅಲ್ಲಿ ಇಡುವುದು ಬೇಡ.

ಒಂಬತ್ತನೆಯ ದಿನ ಪೊಯಿ ಮಾಡಿದೆವು. ಮಾಜಾಳಿ ದಾಟಿದರೆ ಗೋವೆ. ಪೋರ್ಚುಗೀಸರ ಕಾಲದಿಂದ ಬಂದ ಅಲ್ಲಿಯ ಪೊದೇರರು (ಬ್ರೆಡ್ ಸುಡುವವರು), ಯೀಸ್ಟ್ ಬರುವ ಮೊದಲು ತೆಂಗಿನ ಕಳ್ಳಿನಿಂದ ಹಿಟ್ಟು ಉಬ್ಬಿಸಿ, ಗೋಧಿಯ ತೌಡು ಉದುರಿಸಿ ಸುಡುತ್ತಿದ್ದ ಪೊಳ್ಳು ರೊಟ್ಟಿ ಅದು. ಅರ್ಧ ಗೋಧಿ ಹಿಟ್ಟು, ಅರ್ಧ ಮೈದಾ. ಅಕ್ಕನ ಬೀಡಿನ ದೋಸೆ ಕಾವಲಿಯನ್ನು ಒಟಿಜಿಯೊಳಗೆ ಮಗುಚಿಟ್ಟು ಮುಕ್ಕಾಲು ಗಂಟೆ ಕಾಯಿಸಿ, ತೌಡಿನಲ್ಲಿ ಹೊರಳಿಸಿದ ಬಿಲ್ಲೆಗಳನ್ನು ಅದರ ಮೇಲೆ ಜಾರಿಸಿದೆವು. ಮೂರನೆಯ ನಿಮಿಷಕ್ಕೆ ಒಂದೊಂದೇ ಬುಸ್ಸನೆ ಉಬ್ಬಿದವು. ಭಾವ ಅದನ್ನು ಬಟಾಣಿ ಬಾಜಿಯ ಜೊತೆ ತಿಂದು, “ಇದಕ್ಕೆ ಹಾಲು ಹಾಕಿದ ಕಾಫಿಯೇ ಬೇಕು” ಎಂದರು. ಅಕ್ಕ ಹಾಲನ್ನು ಹಬೆಯಲ್ಲಿ 62 ಡಿಗ್ರಿಯವರೆಗೆ ಕಾಯಿಸಿ ಕೊಟ್ಟಳು.

ಉಳಿದಿರುವುದು ನೀರು

ಈ ಪ್ರಕರಣದಲ್ಲಿ ಇನ್ನೂ ಮುಗಿಯದ ಸಂಗತಿ ಒಂದಿದೆ. ಮನೆಯ ಬಾವಿ ನದಿಮುಖಕ್ಕೆ ಹತ್ತಿರ. ಜುಲೈನಲ್ಲಿ ಅದರ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 85 ಮಿಲಿಗ್ರಾಂ, ಕುಡಿಯಲೂ ಸಿಹಿ, ಯಂತ್ರಕ್ಕೂ ಹಿತ. ಚಿರೇಕಲ್ಲಿನ ನೆಲದ ನೀರು ಮೃದು, ಬಾಯ್ಲರಿನಲ್ಲಿ ಸುಣ್ಣ ಕಟ್ಟುವ ಭಯ ಕಡಿಮೆ. ಆದರೆ ಮರುವರ್ಷ ಏಪ್ರಿಲ್‌ನಲ್ಲಿ ನನ್ನ ಮಾತಿನಂತೆ ಅಕ್ಕ ಅಳೆದಾಗ ಅದೇ ಬಾವಿ 610 ತೋರಿಸಿತು, ನಾಲಿಗೆಗೇ ಸವಳು ತಿಳಿಯುತ್ತಿತ್ತು. ಉಪ್ಪಿನ ಕ್ಲೋರೈಡ್ ಬಾಯ್ಲರಿನ ಲೋಹವನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ, ಸುಣ್ಣ ಕರಗಿಸುವ ಔಷಧದಿಂದ ಅದು ವಾಸಿಯಾಗುವುದಿಲ್ಲ. ಆರ್‌ಒ ನೀರು ಸಪ್ಪೆ. ಅದರಲ್ಲಿ ಇಳಿಸಿದ ಕಾಫಿ ಬರೀ ಹುಳಿಯಾಗಿ, ಮೈ ಇಲ್ಲದೆ ಬರುತ್ತದೆ. ಸದ್ಯಕ್ಕೆ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಆರ್‌ಒ ನೀರಿಗೆ ಲೀಟರಿಗೆ 100 ಮಿಲಿಗ್ರಾಂ ಪೊಟ್ಯಾಸಿಯಂ ಬೈಕಾರ್ಬನೇಟ್ ಬೆರೆಸಿ ಬಳಸುವುದೆಂದು ಮಾಡಿದ್ದೇವೆ. ಹತ್ತು ಗ್ರಾಮನ್ನು ಒಂದು ಲೀಟರಿನಲ್ಲಿ ಕರಗಿಸಿಟ್ಟುಕೊಂಡು, ಅದರಿಂದ ಹತ್ತು ಮಿಲಿಲೀಟರನ್ನು ಸಿರಿಂಜಿನಲ್ಲಿ ಎಳೆದು ಪ್ರತಿ ಲೀಟರಿಗೆ ಹಾಕುತ್ತಾಳೆ ಅಕ್ಕ.

ಮೊನ್ನೆ ಕಳಿಸಿದ ಚಿತ್ರದಲ್ಲಿ ನೋಟ್‌ಬುಕ್ಕಿನ ಹೊಸ ಪುಟವಿತ್ತು. ಗೋಡೆಯ ತೇವ 74, ಹಿಟ್ಟು 26, ಕಾಫಿ 27 ಸೆಕೆಂಡು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: “ರೊಬಸ್ಟಾ ಮುಗಿಯಿತು, ತೋಟದ್ದು ಕಳಿಸು.”